ಹನ್ನೆರಡನೇ ಕೋಣೆಯ ಮತದಾರ

"ಗೋಪೀಚಂದನ ಇನ್ನೂ ಒದ್ದೆಯಾಗಿದೆ," ಎಂದ ಗುಂಡಣ್ಣ.

ಕಿಟ್ಟಣ್ಣ ಬಾಗಿಲ ಹೊರಗೇ ನಿಂತಿದ್ದ. ಮದ್ರಾಸಿನ ತ್ರಿಪ್ಲಿಕೇನಿನ ಆ ಲಾಡ್ಜಿಗೆ ಇಪ್ಪತ್ತೆರಡು ವರ್ಷಗಳಿಂದ ಅವನೇ ಯಜಮಾನ. ಆದರೂ ಹನ್ನೆರಡನೇ ಕೋಣೆಯ ಹೊಸ್ತಿಲು ದಾಟಲು ಅವನ ಕಾಲು ಒಪ್ಪಲಿಲ್ಲ.

"ಒದ್ದೆ ಅಂತ ಹೇಳ್ಬೇಡಿ ಮಾರಾಯ್ರೆ. ಒಳಗೆ ಯಾರೂ ಇಲ್ಲ. ಬೀಗದ ಕೈ ನನ್ನ ಸೊಂಟದಲ್ಲೇ ಉಂಟು."

"ಇರೋದು ಒಂದೇ ಕೈಯೆ?"

"ಎರಡು. ಇನ್ನೊಂದು ಅವರ ಹತ್ರ."

"ಯಾರ ಹತ್ರ?"

"ಅದೇ..." ಕಿಟ್ಟಣ್ಣ ಕೆಮ್ಮಿದ. "ಇಲ್ಲದವರ ಹತ್ರ."

ಬೆಳಗಿನ ಒಂಬತ್ತಕ್ಕೇ ಗೋಡೆಗಳು ಬೆವರುವ ದಿನಗಳು ಅವು. ತೇದಿಟ್ಟ ಗೋಪೀಚಂದನ ಒಣಗದೆ ಉಳಿಯುವುದು ಹೆಚ್ಚೆಂದರೆ ಅರ್ಧ ಗಂಟೆ. ಗುಂಡಣ್ಣ ಬೆರಳಿಗೆ ಅಂಟಿದ್ದನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಕಿಟಕಿಯ ಕಟ್ಟೆಯ ಧೂಳಿನಲ್ಲಿ ಒಂದು ದುಂಡನೆಯ ಗುರುತಿತ್ತು. ಚೊಂಬಿನದಲ್ಲ, ಅಷ್ಟು ಸಣ್ಣದಲ್ಲ. ಕೊಡದ್ದೂ ಅಲ್ಲ. ಕನ್ನಡಿ ಗೋಡೆಗೆ ಮುಖ ಮಾಡಿ ನೇತಾಡುತ್ತಿತ್ತು.

ಗುಂಡಣ್ಣ ನಿವೃತ್ತ ರೈಲ್ವೆ ಟಿಕೆಟ್ ಪರೀಕ್ಷಕ. ಈಗ ವಿಧಾನಸಭೆಗೆ ಸ್ವತಂತ್ರವಾಗಿ ನಿಲ್ಲುತ್ತಿದ್ದ ವಕೀಲ ಕೃಷ್ಣಪ್ರಸಾದನ ಪರವಾಗಿ ಮತದಾರರ ಪಟ್ಟಿ ತಾಳೆ ನೋಡುವ ಕೆಲಸ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇರುವವರು ಎಂದು ಗೀಟು ಹಾಕುತ್ತ ಬಂದವನಿಗೆ ಹೊಸ ಹೆಸರುಗಳ ಪುರವಣಿಯಲ್ಲಿ ಸಿಕ್ಕಿದ್ದು ಕೃಷ್ಣಪ್ರಸಾದನ ಅಣ್ಣನ ಹೆಸರೇ: ವಿಷ್ಣುತೀರ್ಥ, ವಯಸ್ಸು ಐವತ್ತೆರಡು, ಕೋಣೆ ನಂಬರ್ ಹನ್ನೆರಡು. ಹನ್ನೆರಡು ವರ್ಷದ ಹಿಂದೆ ತಾಂಬರಂನಿಂದ ಕಚೇರಿಗೆ ಹೊರಟು, ಎಗ್ಮೋರಿನಲ್ಲಿ ಇಳಿಯದೆ ಹೋದ ಮನುಷ್ಯ. ಅವನಿಗೆ ಹೋದ ಮಾರ್ಚಿನಲ್ಲಿ ಸಂಸ್ಕಾರವೂ ಆಗಿತ್ತು.

ದೇಹ ಇರಲಿಲ್ಲ. ಅದಕ್ಕೆ ಶಾಸ್ತ್ರದಲ್ಲಿ ದಾರಿಯಿದೆ. ಮುತ್ತುಗದ ಎಲೆಗಳಿಂದ ಆಳುದ್ದದ ಆಕೃತಿ ಮಾಡಿ, ತಲೆಯ ಜಾಗಕ್ಕೆ ತೆಂಗಿನಕಾಯಿಟ್ಟು, ಮಗನ ಕೈಯಿಂದ ಕೊಳ್ಳಿ ಇಡಿಸುತ್ತಾರೆ. ಬ್ಯಾಂಕಿನಲ್ಲಿ ಕೆಲಸಕ್ಕಿರುವ ಮಗ ಸುರೇಶ್ ಅರ್ಧ ದಿನ ರಜೆ ಹಾಕಿ ಕೊಳ್ಳಿಯಿಟ್ಟ. ಅವನ ತಾಯಿ ಗೋದಾಬಾಯಿಯ ಕುಂಕುಮ ಅಳಿಸಿಹೋಯಿತು.

ಹಾಗೆ ಸುಟ್ಟವನು ಅಕಸ್ಮಾತ್ ತಿರುಗಿ ಬಂದರೂ ಶಾಸ್ತ್ರ ಕೈಬಿಡುವುದಿಲ್ಲ. ತುಪ್ಪದಲ್ಲಿ ಮೀಯಿಸಿ, ಆಗಷ್ಟೇ ಹುಟ್ಟಿದ ಕೂಸಿಗೆ ಮಾಡುವಂತೆ ಜಾತಕರ್ಮ, ನಾಮಕರಣ ಎಲ್ಲ ಮಾಡಿ, ಅದೇ ಹೆಂಡತಿಗೆ ಮತ್ತೆ ತಾಳಿ ಕಟ್ಟಿಸಬೇಕು. ಆ ಲೆಕ್ಕದಲ್ಲಿ ವಿಷ್ಣುತೀರ್ಥನ ವಯಸ್ಸು ಈಗ ಸೊನ್ನೆ. ಅಂದಿನ ಕಾನೂನಿನಂತೆ ಮತದಾನದ ಹಕ್ಕು ಬರಲು ಇನ್ನೂ ಇಪ್ಪತ್ತೊಂದು ವರ್ಷ ಬೇಕು.

"ನೀವು ಮುಖ ನೋಡಿಲ್ಲವೆ?" ಗುಂಡಣ್ಣ ಕೇಳಿದ.

"ಬೆನ್ನು ನೋಡಿದ್ದೇನೆ. ಮೆಸ್ಸಿನಲ್ಲಿ ಮೊದಲ ಪಂಕ್ತಿಗೆ ನೂರು ಜನ. ಯಾರ ಮುಖ ಅಂತ ನೋಡುವುದು? ನಾವು ನೋಡುವುದು ಎಲೆ. ಅವರದ್ದು ಗೊತ್ತಾಗ್ತದೆ. ಎಲ್ಲರೂ ಎಲೆಯನ್ನು ತಮ್ಮ ಕಡೆಗೆ ಮಡಚಿ ಏಳ್ತಾರೆ. ಅವರು ಆಚೆ ಕಡೆಗೆ ಮಡಚ್ತಾರೆ."

"ಸಾವಿನ ಮನೆಯಲ್ಲಿ ಉಂಡವರ ಹಾಗೆ."

"ನಾನು ಹೇಳ್ಲಿಲ್ಲ. ನೀವು ಹೇಳಿದ್ದು," ಎಂದ ಕಿಟ್ಟಣ್ಣ. "ಆದರೆ ಒಂದು ವಾರದಿಂದ ಊಟಕ್ಕೂ ಬರ್ತಿಲ್ಲ. ಎಂತ ತಿನ್ತಾರೋ ದೇವರಿಗೇ ಗೊತ್ತು."

ಗುಂಡಣ್ಣ ಮತ್ತೊಮ್ಮೆ ಕಿಟಕಿಯ ಕಟ್ಟೆ ನೋಡಿದ. ಆ ದುಂಡನೆಯ ಗುರುತಿನಿಂದ ಬಹಳ ಸಣ್ಣಗೆ ಹುಳಿಯ ವಾಸನೆ ಬರುತ್ತಿತ್ತು.

*

ಅಂದು ಬುಧವಾರ, ನಾಮಪತ್ರ ಸಲ್ಲಿಸಲು ಕಡೆಯ ದಿನ. ಮಧ್ಯಾಹ್ನ ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಕಾಗದ ಅಧಿಕಾರಿಯ ಮೇಜು ಮುಟ್ಟಬೇಕೆಂದು ಕೃಷ್ಣಪ್ರಸಾದನ ಮನೆಯಲ್ಲಿ ಬೆಳಗಿನಿಂದ ಗಡಿಬಿಡಿ.

ಮನೆ ಲಾಡ್ಜಿನಿಂದ ನಾಲ್ಕು ಬೀದಿ ದೂರ. ಗುಂಡಣ್ಣ ಹೋದಾಗ ಬಾಗಿಲಲ್ಲಿ ನಾದಸ್ವರ, ಜಗಲಿಯಲ್ಲಿ ಹೂಮಾಲೆಗಳ ರಾಶಿ. ಕೃಷ್ಣಪ್ರಸಾದ ಜರಿಪಂಚೆ ಉಟ್ಟು, ಹೊರಗಡಿ ಇಡುವ ಮುಂಚೆ ತಿರುಗಿ ಹೆಂಡತಿಗೆ ತಗ್ಗಿದ ದನಿಯಲ್ಲಿ ಹೇಳಿದ:

"ಅತ್ತಿಗೆ ಹಿಂದಿನ ಕೋಣೆಯಲ್ಲೇ ಇರಲಿ. ಹೊರಡುವಾಗ ಎದುರು ಬರೋದು ಬೇಡ."

"ಆಗಲೇ ಹೇಳಿ ಬಾಗಿಲು ಹಾಕಿ ಬಂದಿದೀನಿ," ಎಂದಳು ಕಲಾವತಿ.

ತನ್ನ ಭಾಷಣದಲ್ಲಿ ಅವನು ಸ್ತ್ರೀಸಮಾನತೆಗೆ ಎರಡು ಪೂರ್ತಿ ಪುಟ ಇಟ್ಟಿದ್ದ. ಕರಡು ತಿದ್ದಿಕೊಟ್ಟವನು ಗುಂಡಣ್ಣನೇ.

"ಲಾಡ್ಜಿನಲ್ಲಿ ಏನಾದರೂ?" ಕೃಷ್ಣಪ್ರಸಾದ ಕಿವಿಯ ಹತ್ತಿರ ಬಂದು ಕೇಳಿದ.

"ಯಾರೋ ಇದ್ದಾರೆ."

"ಯಾರೋ ಅಲ್ಲ. ನನ್ನ ಹೆಸರು ಕೆಡಿಸೋಕೆ ಆ ಕಡೆಯವರು ಇಟ್ಟಿರೋ ಆಳು. ಆಸ್ತಿಗೋಸ್ಕರ ಅಣ್ಣನ್ನ ನಾನೇ ಮಾಯ ಮಾಡಿದೆ ಅಂತ ಹನ್ನೆರಡು ವರ್ಷ ಪಿಸುಗುಟ್ಟಿದ್ರು. ಅದಕ್ಕೇ ಎಲ್ಲ ಶಾಸ್ತ್ರೋಕ್ತ ಮುಗಿಸಿದೆ. ಈಗ ಸತ್ತವನನ್ನ ಎಬ್ಬಿಸ್ತಿದಾರೆ. ಫಾರಂ ತುಂಬಿದ ಕೈ ಯಾವುದು ಅಂತ ಇವತ್ತು ಸಾಯಂಕಾಲದೊಳಗೆ ನನಗೆ ಬೇಕು, ಗುಂಡಣ್ಣ."

ನಾದಸ್ವರ ಮುಂದೆ ಹೋಯಿತು. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಆ ಕೋಣೆಗೆ ಹಿತ್ತಲ ಕಡೆಗೆ ಇನ್ನೊಂದು ಬಾಗಿಲಿದೆ ಎಂಬುದು ಯಾರಿಗೂ ನೆನಪಾಗಲಿಲ್ಲ.

*

ಫಾರಂ ವಾರ್ಡ್ ಕಚೇರಿಯಲ್ಲಿತ್ತು. ಮತದಾರನಾಗಿ ಸೇರಿಸಿಕೊಳ್ಳಿ ಎಂದು ಕೇಳುವ ಮಾಮೂಲು ಅರ್ಜಿ. ಎಲ್ಲವನ್ನೂ ದುಂಡಗಿನ ಇಂಗ್ಲಿಷಿನಲ್ಲಿ ತುಂಬಿತ್ತು. ಕೆಳಗೆ ಬೇರೆ ಕೈಯ ನಡುಗುವ ಸಹಿ: ವಿಷ್ಣುತೀರ್ಥ.

ಗುಂಡಣ್ಣ ಟಿಕೆಟ್ ನೋಡುವಂತೆ ನೋಡಿದ. ಮೊದಲು ಮುಂದೆ, ಆಮೇಲೆ ಹಿಂದೆ, ಆಮೇಲೆ ಬೆಳಕಿಗೆ ಹಿಡಿದು.

ಬೆಳಕಿಗೆ ಹಿಡಿದಾಗ ಕಾಣಿಸಿತು. ಕಾಗದದ ನೆತ್ತಿಯ ಮೇಲೆ, ಮುದ್ರಿತ ಅಕ್ಷರಗಳಿಗೂ ಮೇಲೆ, ಪೆನ್ಸಿಲಿನಲ್ಲಿ ಇರುವೆಯಷ್ಟು ಸಣ್ಣದಾಗಿ ಕನ್ನಡದಲ್ಲಿ 'ಶ್ರೀ'.

ಅವನಿಗೆ ನಗು ಬಂತು. ಎದುರು ಪಕ್ಷದ ಬಾಡಿಗೆ ಆಳು ಸರ್ಕಾರಿ ಫಾರಮ್ಮಿಗೆ ಶ್ರೀ ಬರೆದು ಶುರು ಮಾಡುತ್ತಾನೆಯೇ? ಇದು ಶ್ರೀ ಇಲ್ಲದೆ ಪೆನ್ನು ಎತ್ತಲಾರದ ಕೈ. ಕಾಗದ ಎಂದರೆ ಅದು ಇರಲೇಬೇಕು ಎಂದು ಮೂರನೇ ವಯಸ್ಸಿನಲ್ಲಿ ಮರಳಿನ ಮೇಲೆ ಕಲಿತ ಕೈ.

ಆಮೇಲೆ ತಾರೀಖು ನೋಡಿದ. ನಗು ನಿಂತಿತು.

ಅದು ಮುತ್ತುಗದ ಎಲೆ ಸುಟ್ಟ ಏಳನೇ ದಿನ. ಮನೆಗೆಲ್ಲ ಸೂತಕ. ಸೂತಕದಲ್ಲಿ ಬರೆದ ಯಾವ ಕಾಗದಕ್ಕೂ ಶ್ರೀ ಹಾಕುವುದಿಲ್ಲ. ಆ ಮನೆಯ ಯಾರೂ, ಆ ಬಂಧುಗಳ ಯಾರೂ, ಆ ಹದಿಮೂರು ದಿನ ಅದನ್ನು ಬರೆಯಲಾರರು.

ಸಾವು ಆಗೇ ಇಲ್ಲ ಎಂದು ಗೊತ್ತಿದ್ದವರ ಹೊರತು.

*

ಒಂದೂವರೆಗೆ ಗುಂಡಣ್ಣ ಮತ್ತೆ ಕೃಷ್ಣಪ್ರಸಾದನ ಮನೆಯಲ್ಲಿದ್ದ. ಮೆರವಣಿಗೆ ಹೋದ ಮನೆಯಲ್ಲಿ ತುಳಿದ ಹೂಗಳ ವಾಸನೆ. ಕಲಾವತಿ ಮಲಗಿದ್ದಳು. ಅಡಿಗೆಮನೆಯಲ್ಲಿ ಗೋದಾಬಾಯಿ ಒಬ್ಬರೇ.

ಬರಿಯ ಹಣೆ, ಬರಿಯ ಕೈ, ಕಂದು ಸೀರೆ. ಮಾರ್ಚಿನವರೆಗೆ ಈ ಮನೆಯಲ್ಲಿ ಅರಿಶಿನ-ಕುಂಕುಮಕ್ಕೆ ಮೊದಲು ಕರೆಯುತ್ತಿದ್ದದ್ದು ಇವರನ್ನೇ.

"ಕೂಡ್ರಿ ಗುಂಡಣ್ಣನವರ. ನೀರು ಕೊಡ್ಲೇನು? ನನ್ನ ಕೈಲೆ ಕುಡದ್ರ ನಡೀತದಲ್ಲ? ಇವತ್ತು ಮೈದುನರಿಗೆ ನನ್ನ ಮಾರೀನೂ ನಡೀಲಿಲ್ಲ."

"ನೀರಿಗೆ ಎಂಥ ದೋಷ, ಕೊಡಿ."

ಅವರು ಹೂಜಿಯ ಕಡೆ ನಡೆದಾಗ ಹಿಮ್ಮಡಿ ಕಾಣಿಸಿತು. ಕೆಂಪಗೆ ಸುಟ್ಟ ಹಿಮ್ಮಡಿ. ಅದರ ಅಂಚಿಗೆ ಕಪ್ಪಗೆ ಹೊಳೆಯುವ ಟಾರು.

"ಹೊರಗೆ ಹೋಗಿದ್ರಾ?"

"ನಾನೆಲ್ಲಿ ಹೋಗ್ಲಿ? ಎದುರು ಬಂದ್ರ ಮಂದಿ ಕೆಲಸ ಕೆಡ್ತದ. ಹಿತ್ತಲದಾಗಿದ್ದೆ."

"ಹಿತ್ತಲಿಗೆ ಟಾರು ಹಾಕಿಸಿದಾರೆಯೆ?"

ಗೋದಾಬಾಯಿ ಸೀರೆಯ ಅಂಚನ್ನು ಕಾಲ ಮೇಲೆ ಎಳೆದುಕೊಂಡರು. "ಕಾರ್ಪೊರೇಷನ್ನವರು ಏನರ ಮಾಡ್ತಾರ್ರಿ. ಚುನಾವಣೆ ಬಂದದಲ್ಲ."

ಗುಂಡಣ್ಣ ನೀರು ಕುಡಿದ. ಸಾಲಾಗಿ ಇಟ್ಟ ಉಪ್ಪಿನಕಾಯಿ ಭರಣಿಗಳಿಗೆ ಚೀಟಿ ಅಂಟಿಸಿತ್ತು: ಮಾವು, ನೆಲ್ಲಿ, ಹೇರಳೆ. ಪ್ರತಿ ಚೀಟಿಯ ನೆತ್ತಿಯಲ್ಲೂ ಇರುವೆಯಷ್ಟು ಶ್ರೀ.

ಪಕ್ಕದಲ್ಲಿ ಗೋಡೆಗೆ ಒಂದು ಮೊಳೆ. ಹನ್ನೆರಡು ವರ್ಷ ಆ ಮೊಳೆಗೆ ನೇತಾಡುತ್ತಿದ್ದದ್ದು ಏನೆಂದು ಈ ಮನೆಗೆ ಬಂದವರಿಗೆಲ್ಲ ಗೊತ್ತು. ಕಾಣೆಯಾದ ದಿನ, ರೈಲು ಕೊನೆಗೆ ನಿಲ್ಲುವ ಬೀಚ್ ಸ್ಟೇಷನ್ನಿನಲ್ಲಿ ಖಾಲಿ ಸೀಟಿನ ಮೇಲೆ ಸಿಕ್ಕ ವಿಷ್ಣುತೀರ್ಥನ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಈಗ ಮೊಳೆ ಖಾಲಿ. ಕ್ಯಾರಿಯರ್ ತೊಳೆದು ಬಚ್ಚಲ ಕಟ್ಟೆಯ ಮೇಲೆ ಬೋರಲು ಹಾಕಿತ್ತು. ಅದರ ತಳ ಕಿಟಕಿಯ ಗುರುತಿನಷ್ಟೇ ಅಗಲ.

"ಫಾರಂ ತುಂಬಿದ್ದು ನೀವು," ಎಂದ.

ಗೋದಾಬಾಯಿ ಒಂದು ಭರಣಿಯ ಮುಚ್ಚಳ ಬಿಗಿದರು.

"ಸೂತಕದ ಏಳನೇ ದಿನ. ಮೇಲೆ ಶ್ರೀ ಹಾಕಿದೀರಿ."

"ಶ್ರೀ ಇಲ್ಲದ ಕಾಗದ ಸಾವಿನ ಕಾಗದ ಆಗ್ತದ," ಗೋದಾಬಾಯಿ ಸಮಾಧಾನವಾಗಿ ಹೇಳಿದರು. "ನಾ ಸಾವಿನ ಕಾಗದ ಬರೀಲಿಲ್ಲ."

"ಅವರು ಬದುಕಿದಾರೆಯೆ?"

"ಪಟ್ಟಿ ನೋಡೀರಲ್ಲ. ನನ್ನ ಹೆಸರಿನ ಮುಂದ ಏನದ? ಗಂಡನ ಹೆಸರು ಇಂಥಾದ್ದು ಅಂತ ಅದ. ಅದರಾಗ ಯಾರೂ ಕುಂಕುಮ ಅಳಸಿಲ್ಲ."

ಅದು ನಿಜ. ಮತದಾರರ ಪಟ್ಟಿಯಲ್ಲಿ ಕುಂಕುಮಕ್ಕೆ ಕಾಲಂ ಇಲ್ಲ.

"ಗೋದಾಬಾಯಿ, ಯಾರೋ ನಿಮಗೆ ಮೋಸ ಮಾಡ್ತಿರಬಹುದು. ಹನ್ನೆರಡು ವರ್ಷ ಆದ ಮೇಲೆ ಗಡ್ಡ ಬಿಟ್ಟವನೊಬ್ಬ ಬಂದು..."

"ಹುಳಿ ಕಡಿಮಿ ಹಾಕು ಅಂತಾರ ಈಗೀಗ," ಅವರು ಒಲೆಯ ಕಡೆ ತಿರುಗಿ, ತಮಗೇ ಹೇಳಿಕೊಂಡಂತೆ ಹೇಳಿದರು. "ಪಿತ್ತ ಆಗ್ತದಂತ. ಮೊದಲು ಎಷ್ಟಿದ್ರೂ ಸಾಲ್ತಿರಲಿಲ್ಲ."

ಗುಂಡಣ್ಣ ಬಚ್ಚಲ ಕಟ್ಟೆಯ ಮೇಲಿನ ಕ್ಯಾರಿಯರ್ ಕಡೆ ನೋಡಿದ.

"ಎಲ್ಲಿಗೆ ಹೋಗಿದ್ರಂತೆ ಇಷ್ಟು ವರ್ಷ? ಯಾಕೆ ಹೋದರು? ಕೇಳಲಿಲ್ವೆ ನೀವು?"

ಗೋದಾಬಾಯಿ ತಿರುಗಿದರು. ಮೊದಲ ಸಲ ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದರು.

"ಇಪ್ಪತ್ತೇಳು ವರ್ಷ ಮಂದೀನ ರೈಲಿನಿಂದ ಇಳಿಸೀರಿ, ಗುಂಡಣ್ಣನವರ. ಇಳಿದವರು ಆಮ್ಯಾಲೆ ಎಲ್ಲಿ ಹೋದ್ರು ಅಂತ ಒಬ್ಬರನ್ನರ ಕೇಳೀರೇನು?"

ಗುಂಡಣ್ಣ ಲೋಟ ಕೆಳಗಿಟ್ಟ.

"ಮೈದುನರು ಸಂಜೀಕೆ ಬರ್ತಾರ," ಎಂದರು ಅವರು. "ಹೇಳೋದಿದ್ರ ಹೇಳ್ರಿ. ಅವರು ಹೆಚ್ಚಂದ್ರ ಏನು ಮಾಡ್ತಾರ? ಈ ಹಣಿಮ್ಯಾಲೆ ಅಳಸಲಿಕ್ಕೆ ಇನ್ನೇನದ?"

*

ಗುಂಡಣ್ಣ ಬೀದಿಗೆ ಬಂದು, ನೆರಳಿದ್ದರೂ ಬಿಸಿಲಲ್ಲೇ ನಡೆದ.

ಹನ್ನೆರಡು ವರ್ಷದ ಹಿಂದೆ ಪೊಲೀಸರಿಗೆ ಅವನು ಹೇಳಿದ್ದು ಒಂದೇ ಮಾತು: ವಿಷ್ಣುತೀರ್ಥರನ್ನು ನಾನು ನೋಡಲಿಲ್ಲ. ಆ ಬೆಳಗಿನ ರೈಲಿನಲ್ಲಿ ಡ್ಯೂಟಿ ಅವನದೇ ಆಗಿತ್ತು. ವಿಷ್ಣುತೀರ್ಥ ಕಿಟಕಿಯ ಪಕ್ಕ, ಗುರುತಿಲ್ಲದವರ ನಡುವೆ ಕೂತಿದ್ದ. ಅವನ ಸೀಜನ್ ಟಿಕೆಟ್ಟಿನ ಅವಧಿ ಹಿಂದಿನ ದಿನವೇ ಮುಗಿದಿತ್ತು. ಒಂದೇ ದಿನ. ಬೇರೆ ಯಾರಾಗಿದ್ದರೂ ಗುಂಡಣ್ಣ ಕಣ್ಣು ಮಿಟುಕಿಸಿ ಮುಂದೆ ಹೋಗುತ್ತಿದ್ದ. ಆದರೆ ಪರಿಚಯದವನು, ನಮ್ಮ ಭಾಷೆಯವನು. ಬಿಟ್ಟರೆ ಪಕ್ಷಪಾತ ಎಂದಾರು! ಸೈದಾಪೇಟೆಯಲ್ಲಿ ಎಲ್ಲರೆದುರು ಇಳಿಸಿದ. ಟಿಕೆಟ್ ಕಿತ್ತುಕೊಂಡು, ಹೆಸರು ಬರೆದು ರಸೀತಿ ಕೊಟ್ಟ. ಪಾಪ, ಡಬ್ಬಿ ತೆಗೆದುಕೊಳ್ಳುವುದನ್ನೂ ಮರೆತು ಇಳಿದ ಮನುಷ್ಯ ಪ್ಲಾಟ್‌ಫಾರಮ್ಮಿನ ಮೇಲೆ ಆ ಚೀಟಿ ಹಿಡಿದು ನಿಂತಿದ್ದ. ರೈಲು ಹೊರಟಿತು.

ಮೂರನೇ ದಿನ, ಹಳಿಗೆ ಬಿದ್ದಿರಬೇಕು ಎಂದು ಊರು ಮಾತಾಡತೊಡಗಿದಾಗ, ಗುಂಡಣ್ಣ ರಸೀತಿ ಪುಸ್ತಕದಲ್ಲಿ ಉಳಿದಿದ್ದ ನಕಲನ್ನು ಹರಿದು ಸೈದಾಪೇಟೆಯ ಸೇತುವೆಯಿಂದ ಅಡ್ಯಾರ್ ನದಿಗೆ ಹಾಕಿದ. ಆಮೇಲೆ ನಿವೃತ್ತನಾಗುವವರೆಗೂ ಆ ಸ್ಟೇಷನ್ ಬಂದಾಗಲೆಲ್ಲ ಎದುರು ಕಿಟಕಿಗೆ ಮುಖ ತಿರುಗಿಸಿದ. ಇದು ಅವನ ಹೆಂಡತಿಗೂ ಗೊತ್ತಿರಲಿಲ್ಲ.

ಗೋದಾಬಾಯಿಗೆ ಗೊತ್ತಿದೆ. ಹೇಳಬಲ್ಲವನು ಒಬ್ಬನೇ.

ಕಾಲಿಗೆ ಏನೋ ಜಿಗುಟಾಗಿ ಹತ್ತಿತು. ಗುಂಡಣ್ಣ ನಿಂತು ಚಪ್ಪಲಿ ಎತ್ತಿ ನೋಡಿದ. ಹಸಿ ಟಾರು. ತಲೆಯೆತ್ತಿದ. ಮದ್ರಾಸಿನ ಈ ಭಾಗದಲ್ಲಿ ಹೊಸ ಟಾರು ಬಿದ್ದದ್ದು ಒಂದೇ ಬೀದಿಗೆ. ಅಭ್ಯರ್ಥಿಗಳೆಲ್ಲ ಕಾರಿನಲ್ಲಿ ಬರುವರೆಂದು ಮೂರು ದಿನದ ಹಿಂದೆ ಹಾಕಿಸಿದ್ದು. ಎದುರಿಗೇ ಚುನಾವಣಾಧಿಕಾರಿಯ ಕಚೇರಿ.

*

ಎರಡೂ ಮುಕ್ಕಾಲು. ಮೂರಕ್ಕೆ ಬಾಗಿಲು ಮುಚ್ಚುತ್ತಾರೆ. ನಾಮಪತ್ರಗಳ ರಿಜಿಸ್ಟರಿನ ಹಿಂದೆ ಬಾಬು ಎಂಬ ಗುಮಾಸ್ತ ಟೀ ಆರಿಸಿಕೊಳ್ಳುತ್ತಿದ್ದ. ಅವನು ಮಾತಾಡಿದ್ದು ತಮಿಳಿನಲ್ಲಿ. ಗುಂಡಣ್ಣನ ಕಿವಿಯಲ್ಲಿ ಅದು ತಾನಾಗಿಯೇ ಕನ್ನಡವಾಗುತ್ತಿತ್ತು. ಮೂವತ್ತು ವರ್ಷ ಮದ್ರಾಸಿನಲ್ಲಿದ್ದವರಿಗೆ ಹತ್ತುವ ರೋಗ ಅದು.

"ಯಾವ ಕಡೆ ಸಾರ್ ನೀವು?"

"ಕೃಷ್ಣಪ್ರಸಾದ್ ಅವರ ಕಡೆ. ಪಟ್ಟಿ ನೋಡಬೇಕು."

"ಅಯ್ಯೋ, ಅವರ ಕಥೆ ಕೇಳಬೇಡಿ. ಎಂಟನೇ ನಂಬರ್, ಹನ್ನೊಂದು ನಲವತ್ತು. ಒಂದು ಗಂಟೆಗೆ ಮತ್ತೆ ಓಡಿ ಬಂದರು, ಏಳನೇ ನಂಬರಿಗೆ ಆಕ್ಷೇಪಣೆ ಅಂತ. ಏಳನೆಯವರು ಸತ್ತುಹೋಗಿದ್ದಾರಂತೆ. ಸಾಕ್ಷಿಗೆ ವೈಕುಂಠ ಸಮಾರಾಧನೆಯ ಕಾರ್ಡು ಕೊಟ್ಟಿದ್ದಾರೆ. ಇಂಥ ಸರ್ಟಿಫಿಕೇಟು ನನ್ನ ಸರ್ವೀಸಿನಲ್ಲೇ ನೋಡಿಲ್ಲ."

ಗುಂಡಣ್ಣ ರಿಜಿಸ್ಟರ್ ತನ್ನ ಕಡೆಗೆ ತಿರುಗಿಸಿಕೊಂಡ.

ಏಳು. ವಿಷ್ಣುತೀರ್ಥ. ಹನ್ನೊಂದು ಹತ್ತು. ಸೂಚಕರು: ಗೋದಾಬಾಯಿ. ಕಾಗದ ತಂದುಕೊಟ್ಟವರು: ಸೂಚಕರೇ.

"ಆ ಅಮ್ಮ ಬರಿಗಾಲಲ್ಲಿ ಬಂದರು ಸಾರ್," ಎಂದ ಬಾಬು. "ಗೆಲ್ಲೋ ಆಸೆಯಾ ಅಮ್ಮ ಅಂತ ನಾನು ತಮಾಷೆಗೆ ಕೇಳಿದೆ. ಶಾಸ್ತ್ರದವರು ಸತ್ತಿದ್ದಾರೆ ಅಂತ ಬರೆದಾಯ್ತು, ಸರ್ಕಾರದವರು ಏನಂತ ಬರೀತಾರೆ ನೋಡೋಣ ಅಂದರು. ನಿಮ್ಮವರು ಮಾಲೆ ಹಾಕಿಕೊಂಡು ಬಂದಾಗ ಅದೋ ಆ ಬೆಂಚಿನ ಮೇಲೇ ಕೂತಿದ್ದರು. ನಿಮ್ಮವರು ನೋಡಲೇ ಇಲ್ಲ."

ವಿಧವೆಯನ್ನು ನೋಡದೆ ಇರುವುದು ಕೃಷ್ಣಪ್ರಸಾದ ಎರಡು ತಿಂಗಳಲ್ಲಿ ಶ್ರದ್ಧೆಯಿಂದ ರೂಢಿಸಿಕೊಂಡ ವಿದ್ಯೆ.

"ಒಬ್ಬರೇ ಇದ್ದರಾ?"

"ಒಬ್ಬರೇ ಹೇಗಾಗುತ್ತೆ? ಪ್ರಮಾಣವಚನಕ್ಕೆ ಅಭ್ಯರ್ಥಿ ಖುದ್ದಾಗಿ ಬರಬೇಕಲ್ಲ. ಬೆಂಚಿನ ಆ ತುದಿಗೆ ಅವರು, ಈ ತುದಿಗೆ ಅಮ್ಮ. ನಿಮ್ಮವರು ನಡುವೆಯೇ ದಾಟಿಕೊಂಡು ಹೋದರು. ಬಿಳಿ ಗಡ್ಡ, ಮೈಮೇಲೆಲ್ಲ ಹಳದಿ ನಾಮ. ದನಿ ಮಾತ್ರ ಕೇಳಿಸೋದೇ ಇಲ್ಲ, ಬಾವಿಯೊಳಗಿಂದ ಬಂದ ಹಾಗೆ."

"ಈಗ ಎಲ್ಲಿ?"

"ಹೋದರು. ನಾಳೆ ಹನ್ನೊಂದಕ್ಕೆ ಪರಿಶೀಲನೆ. ಈ ಮನುಷ್ಯ ಯಾರು, ಇದಾರೋ ಸತ್ತಿದಾರೋ ಅಂತ ಅಧಿಕಾರಿಗಳು ಆವಾಗಲೇ ತೀರ್ಮಾನಿಸೋದು. ಒಮ್ಮೆ ಬರೆದರೆ ಮುಗೀತು. ಆ ಅಮ್ಮನಿಗೆ ಅದಷ್ಟೇ ಬೇಕಂತೆ." ಬಾಬು ಟೀ ಗುಟುಕರಿಸಿದ. "ನೀವು ಅವರೇ ಅನ್ನೋದಕ್ಕೆ ಏನಾದರೂ ಇದೆಯಾ ಅಂತ ಅಧಿಕಾರಿಗಳು ಕೇಳಿದರು. ಆ ಮನುಷ್ಯ ಸೊಂಟದಿಂದ ಒಂದು ಕಾಗದ ತೆಗೆದು ಕೊಟ್ಟರು. ಇದನ್ನ ಬರೆದುಕೊಟ್ಟವರು ಇದೇ ಊರಲ್ಲಿ ಇದಾರೆ, ಅವರು ಬಂದು ನನ್ನ ನೋಡಿ ಹೌದು ಅಂದರೆ ನಾನು ಇದೀನಿ, ಇಲ್ಲ ಅಂದರೆ ಇಲ್ಲ ಅಂದರು. ನಾಳೆಯವರೆಗೆ ಅವರನ್ನ ಎಲ್ಲಿ ಹುಡುಕೋದು ಸಾರ್?"

ಅವನು ಡ್ರಾಯರಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ.

ಮಡಿಕೆಯ ಜಾಗದಲ್ಲೆಲ್ಲ ಸವೆದು, ಬಟ್ಟೆಯಂತೆ ಮೆತ್ತಗಾದ ರೈಲ್ವೆ ರಸೀತಿ. ಮಾರ್ಚ್ ಅರವತ್ತೆಂಟು. ಸೈದಾಪೇಟೆ. ಸೀಜನ್ ಟಿಕೆಟ್ ವಶಪಡಿಸಿಕೊಂಡಿದೆ: ವಿಷ್ಣುತೀರ್ಥ. ಅದರ ಜೋಡಿ ಹನ್ನೆರಡು ವರ್ಷದ ಹಿಂದೆ ನದಿಯ ಪಾಲಾಗಿತ್ತು.

ಕೆಳಗಿನ ಸಹಿ ಮಾತ್ರ ಒಂದಿಷ್ಟೂ ಮಾಸಿರಲಿಲ್ಲ.

"ಯಾರೋ ಎಸ್. ಗುಂಡಣ್ಣ ಅಂತ ಇದೆ," ಬಾಬು ಕಣ್ಣು ಕಿರಿದು ಮಾಡಿ ಓದಿದ. "ನಿಮ್ಮ ಕನ್ನಡದವರೇ ಇರಬೇಕು. ಗೊತ್ತಾ ನಿಮಗೆ?"

ಗುಂಡಣ್ಣ ಚೀಟಿಯ ಅಂಚನ್ನು ಬೆರಳಿನಿಂದ ಮುಟ್ಟಿದ. ಇಲ್ಲ ಎನ್ನುವುದು ಸುಲಭ. ಒಮ್ಮೆ ಹೇಳಿ ರೂಢಿಯಿದ್ದ ಮಾತು.

ಅವನು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನ ಹಜಾರದಿಂದ ಚಪ್ಪಲಿಯ ಸದ್ದೂ ಮಾಲೆಯ ಬಾಡಿದ ವಾಸನೆಯೂ ಒಟ್ಟಿಗೆ ಬಂದವು. ಕೃಷ್ಣಪ್ರಸಾದನ ವಕೀಲಿ ಕಂಠ ಇಡೀ ಕಚೇರಿಗೆ ಕೇಳುವಂತೆ ಮೊಳಗಿತು:

"ಏನು ಗುಂಡಣ್ಣ, ಸಿಕ್ಕಿದನೇ ಆ ಕಳ್ಳ?"

ಬಾಬು ಟೀ ಲೋಟ ಕೆಳಗಿಟ್ಟ. ಚೀಟಿಯ ಮೇಲಿನ ಸಹಿಯನ್ನು ಇನ್ನೊಮ್ಮೆ ಓದಿದ. ಆಮೇಲೆ ನಿಧಾನವಾಗಿ ತಲೆಯೆತ್ತಿ ಗುಂಡಣ್ಣನ ಮುಖ ನೋಡತೊಡಗಿದ.